ಕತ್ತರಿ ತೂಗುವ ಮೊಳೆ

ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಸಿಕ್ಕಿಸಿಕೊಂಡು ಯಶು ಮೆಟ್ಟಿಲಲ್ಲಿ ಕೂತು ಏಳು ನಿಮಿಷವಾಗಿತ್ತು. ಇನ್ನು ತಡ ಮಾಡಿದರೆ ಎಂಟೂವರೆಯ ಜೀಪು ತಪ್ಪುತ್ತದೆ ಎಂದು ಗೊತ್ತಿದ್ದರೂ ಲತೀಶ ಅವಸರ ಮಾಡಲಿಲ್ಲ. ಎರಡು ಸಲ ಸಹಾಯಕ್ಕೆ ಬಗ್ಗಿದ್ದ, ಎರಡು ಸಲವೂ ಮಗಳು ಅವನ ಕೈಯನ್ನು ತಳ್ಳಿ "ನಾನೇ" ಎಂದಿದ್ದಳು. ಎರಡೂವರೆ ವರ್ಷದ ಹುಡುಗಿ. ಈಚೆಗೆ ಅವಳಿಗೆ ಎಲ್ಲವೂ ನಾನೇ. ಅನ್ನ ನಾನೇ, ಬಾಗಿಲು ನಾನೇ, ಲೈಟಿನ ಸ್ವಿಚ್ಚು ನಾನೇ. ಯಾರಾದರೂ ಮರೆತು ಮೊದಲೇ ಸ್ವಿಚ್ಚು ಒತ್ತಿದರೆ ಅದನ್ನು ಆರಿಸಿ ಅವಳ ಕೈಯಲ್ಲಿ ಮತ್ತೆ ಒತ್ತಿಸಬೇಕು, ಇಲ್ಲದಿದ್ದರೆ ಆ ಬೆಳಕನ್ನು ಅವಳು ಒಪ್ಪುವುದೇ ಇಲ್ಲ. ಲತೀಶನ ಕೆಲಸ ಸುಟ್ಟುಹೋದ ಪಂಪಿನ ಮೋಟರುಗಳನ್ನು ಬಿಚ್ಚಿ ಹೊಸ ತಂತಿ ಸುತ್ತುವುದು. ಮೋಟರಾದರೆ ಮೀಟರ್ ಇಟ್ಟು ಎಲ್ಲಿ ಕಡಿದಿದೆ, ಎಲ್ಲಿ ಕೂಡಿದೆ ಎಂದು ಹೇಳಿಬಿಡಬಲ್ಲ. ಈ ಪುಟ್ಟ ತಲೆಯೊಳಗೆ ದಿನದಿನಕ್ಕೆ ಯಾವುದು ಯಾವುದಕ್ಕೆ ಹೋಗಿ ಸೇರುತ್ತಿದೆ ಎಂದು ತಿಳಿಯುವ ಉಪಾಯ ಮಾತ್ರ ಅವನಿಗೆ ಗೊತ್ತಿರಲಿಲ್ಲ. ತಿಳಿಯಬೇಕೆಂಬ ಆಸೆ ಬಹಳವಿತ್ತು. ತಿಳಿದರೆ ಗತಿಯೇನು ಎಂಬ ಹೆದರಿಕೆಯೂ ಅಷ್ಟೇ ಇತ್ತು.

ಹೆದರಿಕೆ ಶುರುವಾದದ್ದು ಹೋದ ವಾರ, ಒಂದು ದನದಿಂದ. ವರ್ಕಾಡಿಯ ಇಳಿಜಾರಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದಾಗ, ಮೋರಿಯ ಹತ್ತಿರ ಕೈ ತೋರಿಸಿ, "ನಿನ್ನೆ ಇಲ್ಲಿ ದನ ಬಿದ್ದದ್ದು" ಎಂದಳು. ಅವಳಿಗೆ ಆಗಿಹೋದದ್ದೆಲ್ಲ ನಿನ್ನೆ. ಬೆಳಗಿನ ದೋಸೆಯೂ ನಿನ್ನೆ, ಕ್ರಿಸ್ಮಸ್ಸಿನ ನಕ್ಷತ್ರವೂ ನಿನ್ನೆ. ದನ ಬಿದ್ದದ್ದು ನಿಜ, ಆದರೆ ಅದು ಐದು ತಿಂಗಳ ಹಿಂದಿನ ಮಾತು. ಆಗ ಅವಳಿಗೆ ದನವನ್ನು ದನ ಎನ್ನಲೂ ಬರುತ್ತಿರಲಿಲ್ಲ, ಅಂಬಾ ಎನ್ನುತ್ತಿದ್ದಳು. ಮಾತು ಬರುವುದಕ್ಕಿಂತ ಮೊದಲೇ ಕಂಡದ್ದನ್ನು ಎಲ್ಲೋ ಜೋಪಾನವಾಗಿ ಇಟ್ಟುಕೊಂಡು, ಮಾತು ಬಂದ ಮೇಲೆ ಅದಕ್ಕೆ ಅಂಗಿ ತೊಡಿಸಿ ಹೊರಗೆ ಕಳಿಸುತ್ತಿದ್ದಾಳೆ ಎಂದಾಯಿತು. ಲತೀಶ ಅಲ್ಲೇ ನಿಂತುಬಿಟ್ಟಿದ್ದ. ಐದು ತಿಂಗಳ ಹಿಂದಿನ ದನ ಇವತ್ತು ಬಂತು ಎಂದರೆ, ಮೂರು ತಿಂಗಳ ಹಿಂದಿನ ಕತ್ತರಿ ನಾಳೆಯೇ ಬಂದೀತು.

"ಆಧಾರ್ ಉಂಟಲ್ಲ ಇದರಲ್ಲಿ?" ಎಂದು ಅಂಗಳದಿಂದ ಅಮ್ಮ ಕೇಳಿದಳು. ಸುಂದರಿ ಹೊರಟು ನಿಂತು ಆಗಲೇ ಅರ್ಧ ಗಂಟೆಯಾಗಿತ್ತು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು, ಕೈಯಲ್ಲಿ ರೇಷನ್ ಕಾರ್ಡು, ಆಧಾರ್, ಆಶಾ ಕಾರ್ಯಕರ್ತೆ ಬರೆದುಕೊಟ್ಟ ಚೀಟಿ ಇದ್ದ ಪ್ಲಾಸ್ಟಿಕ್ ಕವರು. "ಉಂಟು ಅಮ್ಮ, ಈಗ ನೋಡಿದ್ದಲ್ವಾ ನೀನು" ಎಂದ ಲತೀಶ. "ನೋಡಿದ್ದಾ?" ಎಂದಳು ಅವಳು, ಮುಖ ಸಣ್ಣದಾಯಿತು. ಹಾಗೆ ಹೇಳಬಾರದಿತ್ತು ಎಂದು ಅವನಿಗೆ ಅನ್ನಿಸುವಷ್ಟರಲ್ಲಿ ಅವಳು ಕವರನ್ನು ಮತ್ತೆ ಬಿಚ್ಚಿ ನೋಡುತ್ತಿದ್ದಳು. ಇವತ್ತು ಮಂಗಳವಾರ, ಆರೋಗ್ಯ ಕೇಂದ್ರದಲ್ಲಿ ಅರುವತ್ತು ದಾಟಿದವರ ನೆನಪಿನ ಶಕ್ತಿ ಪರೀಕ್ಷೆ ಮಾಡುತ್ತಾರೆ. ಅವಳನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಮನೆಮನೆಗೆ ಬಂದ ಆಶಾ ಕಾರ್ಯಕರ್ತೆಯ ಹತ್ತಿರ ತಾನಾಗಿಯೇ, "ನನ್ನ ಹೆಸರು ಬರೀ ಮಗಾ, ನನ್ನ ತಲೆ ಸ್ವಲ್ಪ ನೋಡಿಸ್ಬೇಕು" ಎಂದಿದ್ದಳು. ಲತೀಶ ಆಗ ಅಂಗಳದಲ್ಲಿ ಒಂದು ಮೋಟರಿನ ಬೇರಿಂಗ್ ತೆಗೆಯುತ್ತಿದ್ದ. ಅಲ್ಲಿಂದ ತಲೆ ಎತ್ತಲಿಲ್ಲ.

ಮೂರು ತಿಂಗಳ ಹಿಂದೆ, ಆ ಕತ್ತರಿಯ ದಿನ ನಡೆದದ್ದು ಬಹಳ ಸಣ್ಣದು. ಸುಂದರಿ ನಲುವತ್ತು ವರ್ಷದಿಂದ ಬೀಡಿ ಕಟ್ಟುವವಳು. ಎಲೆ, ಹೊಗೆಸೊಪ್ಪಿನ ಹುಡಿ, ನೂಲು ಎಲ್ಲ ತಡ್ಪೆಯಲ್ಲಿರುತ್ತದೆ, ಆ ಮೊರವೇ ಅವಳ ಮೇಜು. ಕತ್ತರಿ ಮಾತ್ರ ತಡ್ಪೆಯಲ್ಲಿರುವುದಿಲ್ಲ. ಎಲೆ ಕತ್ತರಿಸಿ ಮುಗಿಯಿತೋ, ಅದರ ಬಾಯಿ ಮುಚ್ಚಿ ಕಿಟಕಿಯ ದಾರಂದದ ಮರಕ್ಕೆ ಹೊಡೆದ ಮೊಳೆಗೆ ತೂಗುಹಾಕುತ್ತಾಳೆ. ಕತ್ತರಿ ಬಾಯಿ ತೆರೆದುಕೊಂಡು ಬಿದ್ದಿದ್ದರೆ ಮನೆಯಲ್ಲಿ ಜಗಳ ತಪ್ಪುವುದಿಲ್ಲವಂತೆ. ಲತೀಶ ಮಗುವಾಗಿದ್ದಾಗಲೂ ಅದು ಅದೇ ಮೊಳೆಯಲ್ಲಿತ್ತು, ಅವನಿಗೆ ಎಟುಕದಷ್ಟು ಎತ್ತರದಲ್ಲಿ. ಆವತ್ತು ಕಟ್ಟಿದ ಬೀಡಿ ಕೊಟ್ಟುಬರಲು ಅಮ್ಮ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿದ್ದಳು. ಹೆಂಡತಿ ನಿಶ್ಮಿತಾ ಹೊಸಂಗಡಿಯ ಅಕ್ಷಯ ಕೇಂದ್ರದಲ್ಲಿ ಜನರ ಅರ್ಜಿ ತುಂಬುತ್ತಾ ಕಂಪ್ಯೂಟರಿನ ಎದುರು ಕೂತಿದ್ದಳು. ಯಶುವಿಗೆ ಹಸಿವಾಯಿತು. ಅಂಗನವಾಡಿಯಿಂದ ಕೊಡುವ ಅಮೃತಂ ಹುಡಿಯ ಹೊಸ ಪ್ಯಾಕೆಟ್ ಹಲ್ಲಿಗೂ ಉಗುರಿಗೂ ಬಗ್ಗಲಿಲ್ಲ. ಲತೀಶ ಮೊಳೆಯಿಂದ ಕತ್ತರಿ ತೆಗೆದ, ಪ್ಯಾಕೆಟಿನ ಮೂಲೆ ಕತ್ತರಿಸಿದ. ಅಷ್ಟರಲ್ಲಿ ಯಾರದೋ ಪಂಪು ನೀರು ಎತ್ತುವುದಿಲ್ಲವೆಂದು ಫೋನು ಬಂತು. ಒಳಗೆ ರೇಂಜ್ ಸಿಗುವುದಿಲ್ಲ. ಕತ್ತರಿಯನ್ನು ಕೈಗೆ ಹತ್ತಿರವಿದ್ದ ತಡ್ಪೆಯಲ್ಲಿ ಇಟ್ಟು ಅಂಗಳಕ್ಕೆ ಹೋದ. ನಾಲ್ಕು ನಿಮಿಷ. ಮಗು ಅಜ್ಜಿಯ ಹಾಗೆ ಎಲೆ ಕತ್ತರಿಸಲು ಹೋಗಿ ತನ್ನ ಎಡಗೈಯ ಹೆಬ್ಬೆರಳಿನ ಸಂದಿಯನ್ನು ಕತ್ತರಿಸಿಕೊಂಡಿತ್ತು.

ಆಸ್ಪತ್ರೆಗೆ ಓಡಿ ಬಂದ ನಿಶ್ಮಿತಾ ಒಂದೇ ಪ್ರಶ್ನೆ ಕೇಳಿದ್ದಳು: "ಕತ್ತರಿ ಎಲ್ಲಿತ್ತು?" ಅವನು, "ತಡ್ಪೆಯಲ್ಲಿ" ಎಂದಿದ್ದ. ಅದು ಸುಳ್ಳಲ್ಲ. ಇದನ್ನು ಅವನು ತನಗೆ ತಾನೇ ನೂರು ಸಲ ಹೇಳಿಕೊಂಡಿದ್ದಾನೆ. ಕತ್ತರಿ ತಡ್ಪೆಯಲ್ಲೇ ಇತ್ತು. ಆ ಮಾತಿಗೆ ಇನ್ನೊಂದು ತುಂಡು ಸೇರಿಸಬೇಕಿತ್ತು, ಸೇರಿಸಲಿಲ್ಲ, ಅಷ್ಟೇ. ಅದಕ್ಕೆ ಎರಡು ವಾರ ಮೊದಲು ಅವನ ನಿಗಾದಲ್ಲಿದ್ದ ಮಗು ಹಸಿ ಮೆಣಸು ಅಗಿದು ರಾತ್ರಿಯಿಡೀ ಅತ್ತಿತ್ತು. "ನಾಯಿಮರಿ ಸಾಕ್ಲಿಕ್ಕೂ ಆಗುದಿಲ್ಲ ನಿಮಗೆ" ಎಂದಿದ್ದಳು ನಿಶ್ಮಿತಾ, ಅದೂ ಅವಳ ತಮ್ಮ ತುಷಾರನ ಎದುರಿಗೆ. ತುಷಾರ ನಗು ತಡೆದುಕೊಂಡು ಮೊಬೈಲು ನೋಡಿದ್ದ. ಆ ನಗು ಲತೀಶನ ಬೆನ್ನಿನಲ್ಲಿ ತುರಿಕೆಯ ಹಾಗೆ ಉಳಿದಿತ್ತು, ಕೈ ಹಾಕಿದರೆ ಸಿಗುವುದಿಲ್ಲ, ಹೋಗುವುದೂ ಇಲ್ಲ. ಮೂರು ಹೊಲಿಗೆ ಹಾಕಿಸಿಕೊಂಡ ಮಗುವನ್ನು ಎತ್ತಿಕೊಂಡು ಮನೆಗೆ ಬಂದಾಗ ಅಮ್ಮ ಕಿಟಕಿಯ ಹತ್ತಿರ ಮೊಳೆಯನ್ನು ನೋಡುತ್ತಾ ನಿಂತಿದ್ದಳು. "ಹಾಕಿದ ಹಾಗಿತ್ತಲ್ಲ ನಾನು" ಎಂದಳು. ಲತೀಶ ಮಗುವಿನ ಕೈಯ ಬ್ಯಾಂಡೇಜು ಸರಿಮಾಡಿದ. ನಿಶ್ಮಿತಾ ಜಗಳ ಮಾಡುವವಳಲ್ಲ. "ಇನ್ನು ತಡ್ಪೆ ಮನೆಯೊಳಗೆ ಬೇಡ ಮಾಮಿ" ಎಂದಳು, ಅಷ್ಟೇ. ಮರುದಿನ ಅಮ್ಮ, "ಹಾಕ್ಲಿಲ್ಲ ಆಗಿರ್ಬೇಕು" ಎಂದಳು. ಅದರ ಮರುದಿನ ತಡ್ಪೆಯನ್ನು ತಲೆಯ ಮೇಲೆ ಹೊತ್ತು ನೆರೆಮನೆಯ ಮಗ್ದಲಿನ್ ಬಾಯಿಯ ಜಗಲಿಗೆ ಹೋದಳು, ಬೇರೆಯವರ ಜಗಲಿಯಲ್ಲಿ ಕೂತು ಬೀಡಿ ಕಟ್ಟಲು.

ಆಮೇಲೆ ಒಂದೊಂದಾಗಿ ಶುರುವಾಯಿತು. ಗ್ಯಾಸ್ ಆರಿಸಿದ್ದೇನಾ ಎಂದು ಎರಡೆರಡು ಸಲ ಎದ್ದು ನೋಡುವುದು. ಸಾರಿಗೆ ಉಪ್ಪು ಹಾಕಿದ್ದು ನಂಬಿಕೆಯಾಗದೆ ಮತ್ತೆ ಹಾಕುವುದು. ಇಪ್ಪತ್ತೈದು ಬೀಡಿಯ ಕಟ್ಟನ್ನು ಬೆರಳಲ್ಲೇ ತೂಗಿ ಹೇಳುತ್ತಿದ್ದವಳು ಈಗ ಬಾಯಿಬಿಟ್ಟು ಎಣಿಸುತ್ತಾಳೆ, ಎಣಿಸಿದರೂ ಒಂದು ಸಲ ಬ್ರಾಂಚಿನಲ್ಲಿ ಇಪ್ಪತ್ತನಾಲ್ಕು ಬಂದು ಎಲ್ಲರೆದುರು ಕಟ್ಟು ಬಿಚ್ಚಿಸಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಯಶು ಎದುರಿಗಿದ್ದಾಗ ಅವಳು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುವುದು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಮಗುವನ್ನು ಎತ್ತುವುದಿಲ್ಲ. ಸುಂದರಿಯ ಅಮ್ಮ ಕೊನೆಗಾಲದಲ್ಲಿ ಎಲ್ಲ ಮರೆತು, ಮಗಳನ್ನೂ ಸೇರಿಸಿ ಕಂಡಕಂಡವರನ್ನೆಲ್ಲ ಬೋಜ ಎಂದು ಕರೆಯುತ್ತಿದ್ದಳಂತೆ. ಬೋಜ ಆ ಮುದುಕಿಯ ಸತ್ತುಹೋದ ತಮ್ಮ. ಆ ಕಥೆಯನ್ನು ಮೊದಲು ನಗುತ್ತಾ ಹೇಳುತ್ತಿದ್ದ ಅಮ್ಮ ಈಗ ಹೇಳುವುದನ್ನೇ ಬಿಟ್ಟಿದ್ದಳು. ಸುಳ್ಳು ಹೇಳಿದ್ದು ತಾನು, ಮರೆವು ಬಂದದ್ದು ಅವಳಿಗೆ ಎಂದು ಲತೀಶನಿಗೆ ತಿಳಿಯುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಆದರೆ ಇವತ್ತು ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕು. ನಿನ್ನೆಗಳು ತೊಂಬತ್ತು ದಾಟಿದ್ದವು.

"ಆಯ್ತು!" ಎಂದು ಯಶು ಎದ್ದು ನಿಂತಳು. ಎರಡು ಚಪ್ಪಲಿಯೂ ಅದಲುಬದಲು, ಬೆರಳುಗಳು ಹೊರಗೆ ಇಣುಕುತ್ತಿದ್ದವು. ನಡೆದಾಗ ಬಾತುಕೋಳಿಯಂತೆ ಕಂಡಳು, ಆದರೆ ಮುಖದಲ್ಲಿ ಪಂಚಾಯತು ಗೆದ್ದವರ ಗತ್ತು. ಮೂವರೂ ಕೆಂಪು ಮಣ್ಣಿನ ದಾರಿ ಹಿಡಿದರು. ಬಿಸಿಲು ಆಗಲೇ ಏರಿತ್ತು, ಎಲ್ಲೋ ಗೇರುಹಣ್ಣು ಕೊಳೆತ ಸಿಹಿ ವಾಸನೆ ಬರುತ್ತಿತ್ತು. ಮಗ್ದಲಿನ್ ಬಾಯಿಯ ಮನೆಯ ಎದುರು ಅಮ್ಮ ನಿಂತಳು. ಜಗಲಿಯಲ್ಲಿ ಎಲೆ ಒದ್ದೆ ಮಾಡುತ್ತಿದ್ದ ಬಾಯಿ ತಲೆ ಎತ್ತಿದಳು. ಅಮ್ಮ ಕವರಿನ ಅಡಿಯಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಕತ್ತರಿ. ಹಿಡಿಯ ಬಳೆಗಳಿಗೆ ಸುತ್ತಿದ ಬಟ್ಟೆ ಕಪ್ಪಾಗಿ, ಗಟ್ಟಿಯಾಗಿ, ಅವಳ ಬೆರಳಿನ ಆಕಾರಕ್ಕೆ ಕೂತಿತ್ತು.

"ಇದು ನಿಮ್ಮ ಹತ್ರ ಇರ್ಲಿ ಬಾಯಿ."

"ಎಂತ ಸುಂದರಕ್ಕ? ಕತ್ತರಿ ಕೊಡುದುಂಟಾ ಯಾರಾದ್ರೂ? ನಿಮ್ಮ ಕೈಗೆ ಕೂತದ್ದು ನನ್ನ ಕೈಗೆ ಬರುದಿಲ್ಲ."

"ಇನ್ನು ನನಗೆ ಬೇಡ. ಡಾಕ್ಟ್ರು ಎಂತ ಹೇಳ್ತಾರೋ ಎಂತದೋ. ಮಗು ಇರುವ ಮನೆ."

ಮಗ್ದಲಿನ್ ಬಾಯಿ ಲತೀಶನನ್ನು ನೋಡಿದಳು, ಏನಾದರೂ ಹೇಳು ಎಂಬಂತೆ. ಲತೀಶ ದಾರಿಯ ಕಡೆ ನೋಡಿದ. ಅಷ್ಟರಲ್ಲಿ ಯಶು ಜಗಲಿಯ ಅಂಚಿಗೆ ಬಂದು, "ಕತ್ತರಿ!" ಎಂದು ಕೂಗಿ, ಎಡಗೈಯನ್ನು ಬಿಡಿಸಿ ಹೆಬ್ಬೆರಳ ಸಂದಿಯ ಬಿಳಿ ಗೆರೆಯನ್ನು ತೋರಿಸಿದಳು. "ನಿನ್ನೆ ರಕ್ತ ಬಂತು." ಬಂದೇಬಿಟ್ಟಿತು ಎಂದುಕೊಂಡ ಲತೀಶ. ಬಾಯಿ ನಗುತ್ತಾ, "ಅಯ್ಯೋ ಪುಟ್ಟಾ, ಯಾರು ಮಾಡಿದ್ದು?" ಎಂದು ಕೇಳಿದಳು. ಯಶು ಒಂದು ಕ್ಷಣವೂ ಯೋಚಿಸಲಿಲ್ಲ. "ನಾನೇ" ಎಂದಳು, ಚಪ್ಪಲಿ ಹಾಕಿದ್ದನ್ನು ಹೇಳುವಷ್ಟೇ ಹೆಮ್ಮೆಯಿಂದ. ಬಾಯಿ ಗಟ್ಟಿಯಾಗಿ ನಕ್ಕಳು. ಅಮ್ಮ ನಗಲಿಲ್ಲ. ಕತ್ತರಿಯನ್ನು ಬಾಯಿಯ ತಡ್ಪೆಯ ಪಕ್ಕದಲ್ಲಿಟ್ಟು, ಇಟ್ಟ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಇಡ್ತೇನೆ, ಆದ್ರೆ ನನ್ನದು ಅಂತ ಅಲ್ಲ" ಎಂದಳು ಮಗ್ದಲಿನ್ ಬಾಯಿ.

ಜೀಪಿನಲ್ಲಿ ಅಮ್ಮನಿಗೆ ಮುಂದೆ ಜಾಗ ಸಿಕ್ಕಿತು. ಲತೀಶ ಹಿಂದೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸರಳು ಹಿಡಿದುಕೊಂಡ. ಎಂಜಿನಿನ ಗದ್ದಲದಲ್ಲಿ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಅವನು ಈಗ ಬಚಾವಾಗಿದ್ದ. ಮಗುವೇ ಸಾಕ್ಷಿ ಹೇಳಿ ಬಿಡಿಸಿತ್ತು. ಹಾಗಾದರೆ ಸುಮ್ಮನಿರಬಹುದಿತ್ತು. ಆದರೆ ಸರಿಯಾಗಿ ತಿರುಗುವ ಮೋಟರನ್ನೂ ಒಮ್ಮೆ ಬಿಚ್ಚಿ ನೋಡಬೇಕೆನ್ನುವ ಹಾಳು ಕುತೂಹಲ ಅವನದು, ಇದಕ್ಕಾಗಿ ಕೆಲಸ ಕಲಿಸಿದ ಹರಿನಾಥನಿಂದ ಎಷ್ಟೋ ಸಲ ಬೈಸಿಕೊಂಡಿದ್ದ. ಬಾಯನ್ನು ಮಗಳ ಕಿವಿಯ ಹತ್ತಿರ ತಂದು ಕೇಳಿದ, "ಯಶು, ಕತ್ತರಿ ಎಲ್ಲಿತ್ತು?"

ಅವಳು ಹೊರಗೆ ಓಡುವ ಗೋಡೆಗಳನ್ನು ನೋಡುತ್ತಲೇ ಕೈಯನ್ನು ಮೇಲೆತ್ತಿದಳು. "ಮೇಲೆ."

"ಮೇಲೆ ಅಂದ್ರೆ?"

"ಮೇಲೆ ಮೇಲೆ. ಪಪ್ಪ ತೆಗ್ದ. ಹುಡಿ ಕಟ್ ಮಾಡಿದ." ಆಮೇಲೆ, ಅಲ್ಲಿವರೆಗಿನದು ಬರೀ ಪೀಠಿಕೆ ಎಂಬಂತೆ ಹೇಳಿದಳು, "ನಾನೇ ಎಲೆ ಕಟ್ ಮಾಡಿದ್ದು."

ಎಲ್ಲವೂ ಇತ್ತು. ಮೊಳೆ, ಪಪ್ಪ, ಹುಡಿ, ಎಲೆ, ಒಂದೂ ಬಿಟ್ಟುಹೋಗಿರಲಿಲ್ಲ, ಒಂದೂ ಸ್ಥಾನ ತಪ್ಪಿರಲಿಲ್ಲ. ಅಷ್ಟು ದಿನ ಅವನು ಹೆದರಿದ್ದು ಸರಿಯೇ. ಆದರೆ ಹೆದರಿದ್ದ ಬಗೆ ಮಾತ್ರ ಪೂರ್ತಿ ತಪ್ಪು. ಅವಳು ದೂರು ಹೇಳಲಿಲ್ಲ. ಪಪ್ಪ ಕತ್ತರಿ ತೆಗೆದದ್ದು ಅವಳಿಗೆ ಸೂರ್ಯ ಹುಟ್ಟಿದ ಹಾಗೆ, ಅದರಲ್ಲಿ ತಪ್ಪು ಸರಿ ಎಂದೇನೂ ಇಲ್ಲ. ಆ ದಿನದಲ್ಲಿ ಅವಳಿಗೆ ಮುಖ್ಯವಾಗಿದ್ದದ್ದು ಅಜ್ಜಿಯ ಹಾಗೆ ತಾನೂ ಎಲೆ ಕತ್ತರಿಸಿದ್ದು. ಕಥೆ ಅವಳದು, ಅದರಲ್ಲಿ ಅವನು ಬಂದುಹೋಗುವ ಒಬ್ಬ ಕೂಲಿಯವನು. ಒಂದು ವಾರದಿಂದ ತನ್ನ ಗುಟ್ಟನ್ನು ಈ ಮಗು ಯಾವಾಗ ಒಡೆಯುತ್ತದೋ ಎಂದು ಕಾದವನಿಗೆ, ಮಗುವಿಗೆ ಅದು ಗುಟ್ಟೇ ಅಲ್ಲ ಎಂದು ತಿಳಿದಾಗ ಆದದ್ದು ನೆಮ್ಮದಿಯಲ್ಲ. ಮೊದಲ ಸಲ ಅವಳು ತನ್ನಿಂದ ಬೇರೆಯೇ ಒಬ್ಬಳು ಎಂದು ಅನ್ನಿಸಿತು, ತೊಡೆಯ ಮೇಲೆ ಕೂತಿದ್ದರೂ ಬೇರೆ. ಮುಂದಿನ ಸೀಟಿನಲ್ಲಿ ಅಮ್ಮನ ಹಿಂತಲೆ ಅಲ್ಲಾಡುತ್ತಿತ್ತು. ಮಲ್ಲಿಗೆ ಮುಡಿದಿದ್ದಳು, ಪರೀಕ್ಷೆಗೆ ಹೋಗುವವರು ಮುಡಿಯುವ ಹಾಗೆ.

ಆರೋಗ್ಯ ಕೇಂದ್ರದಲ್ಲಿ ಜನ ಕಡಿಮೆಯಿದ್ದರು. ಸಿಸ್ಟರ್ ಕೇರಳದ ತೆಂಕಲಿನವಳು, ಮಲಯಾಳದ ರಾಗದಲ್ಲಿ ಕನ್ನಡ ಮಾತಾಡುತ್ತಿದ್ದಳು, ನಗುಮುಖದವಳು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, "ಹೆದರ್ಬೇಡಿ ಅಮ್ಮ, ಇದು ಶಾಲೆಯ ಪರೀಕ್ಷೆ ಅಲ್ಲ" ಎಂದಳು. ಅಮ್ಮ ಇನ್ನೂ ಹೆದರಿ ನೆಟ್ಟಗೆ ಕೂತಳು. ಮೂರು ವಸ್ತು ಹೇಳುತ್ತೇನೆ, ಆಮೇಲೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ: ತೆಂಗಿನಕಾಯಿ, ಬಸ್ಸು, ಕೊಡೆ. ಅಮ್ಮ ತುಟಿಯಲ್ಲೇ ಹೇಳಿಕೊಂಡಳು. ಇವತ್ತು ಯಾವ ವಾರ? ಮಂಗಳವಾರ. ಯಾವ ತಿಂಗಳು? "ಸುಗ್ಗಿ" ಎಂದಳು ಅಮ್ಮ. ಸಿಸ್ಟರ್ ಪೆನ್ನು ಎತ್ತಿ ಲತೀಶನನ್ನು ನೋಡಿದಳು. "ಸರಿ ಉಂಟು ಸಿಸ್ಟರ್, ತುಳುವಿನ ತಿಂಗಳು" ಎಂದ ಅವನು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ತೊಂಬತ್ತಮೂರು ಎಂದ ಅಮ್ಮ ಅಲ್ಲಿಗೇ ನಿಂತುಹೋದಳು. ಇಪ್ಪತ್ತೈದರ ಲೆಕ್ಕ ಕೇಳಿ ಎಂದು ಲತೀಶನಿಗೆ ಕೂಗಬೇಕೆನಿಸಿತು, ಕಣ್ಣುಮುಚ್ಚಿ ಸಾವಿರದವರೆಗೆ ಹೇಳಿಯಾಳು. ಅಮ್ಮನ ಬೆರಳುಗಳು ಮಡಿಲಲ್ಲಿ ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತಿದ್ದವು.

"ಈಗ ಆ ಮೂರು ವಸ್ತು ಹೇಳಿ ನೋಡುವ."

"ತೆಂಗಿನಕಾಯಿ. ಬಸ್ಸು." ಅಮ್ಮ ತಡೆದಳು. ಗೋಡೆ ನೋಡಿದಳು, ಸೀಲಿಂಗು ನೋಡಿದಳು. ಕುತ್ತಿಗೆಯಲ್ಲಿ ಬೆವರು ಮೂಡಿತು. "ಮೂರನೆಯದ್ದು... ಮೂರನೆಯದ್ದು ಹೇಳಿದ್ರಲ್ಲ ನೀವು..."

"ಕೊಡೆ!" ಎಂದು ಯಶು ಮೂಲೆಯಿಂದ ಕೂಗಿದಳು. ಅವಳು ತೂಕದ ಯಂತ್ರದ ಮೇಲೆ ಹತ್ತಿ ಇಳಿದು ಮಾಡುತ್ತಿದ್ದಳು. ಸಿಸ್ಟರಿಗೆ ನಗು ಬಂತು. ಲತೀಶನಿಗೂ ಬಂತು, ಬಂದದ್ದೇ ಸತ್ತುಹೋಗುವಷ್ಟು ನಾಚಿಕೆಯಾಯಿತು. ಅಮ್ಮನ ಕಣ್ಣಲ್ಲಿ ನೀರು ತುಂಬಿತ್ತು. "ನೋಡಿ" ಎಂದಳು ಸಣ್ಣ ದನಿಯಲ್ಲಿ, "ಮಗುವಿಗಿರುವಷ್ಟೂ ಇಲ್ಲ ನನಗೆ."

ಸಿಸ್ಟರ್ ಕುರ್ಚಿ ಹತ್ತಿರ ಎಳೆದುಕೊಂಡಳು. "ಅಮ್ಮ, ಮರೆವು ಶುರುವಾದದ್ದು ಯಾವಾಗ ಅಂತ ಅನ್ನಿಸ್ತದೆ ನಿಮಗೆ?"

"ಡಿಸೆಂಬರ್ ಹದಿನೇಳು, ಬುಧವಾರ." ಅಮ್ಮ ಥಟ್ಟನೆ ಹೇಳಿದಳು. ಸಿಸ್ಟರ್ ಬರೆಯುವುದನ್ನು ನಿಲ್ಲಿಸಿದಳು. "ಬೆಳಿಗ್ಗೆ ಗಂಜಿಗೆ ಹುರುಳಿ ಚಟ್ನಿ ಮಾಡಿದ್ದೆ. ಬ್ರಾಂಚಿನಲ್ಲಿ ನನ್ನ ಮುಂದೆ ನಾಲ್ಕು ಜನ ಇದ್ರು. ವಾಪಸ್ ಬರುವಾಗ ಚಪ್ಪಲಿಯ ಬಾರು ತುಂಡಾಗಿ ಕೈಯಲ್ಲಿ ಹಿಡ್ಕೊಂಡು ಬಂದದ್ದು. ಎಲ್ಲ ನೆನಪುಂಟು ಸಿಸ್ಟರ್. ಕತ್ತರಿ ತಡ್ಪೆಯಲ್ಲಿ ಇಟ್ಟದ್ದು ಮಾತ್ರ ಇಲ್ಲ. ಎಷ್ಟು ಹುಡುಕಿದ್ರೂ ಸಿಗುದಿಲ್ಲ. ಕಣ್ಣು ಮುಚ್ಚಿದ್ರೆ ಮೊಳೆಗೆ ಹಾಕಿದ್ದೇ ಕಾಣ್ತದೆ. ಅದು ಬೇರೆ ಯಾವುದೋ ದಿನದ್ದು ಆಗಿರ್ಬೇಕು. ನನ್ನಿಂದ ಮಗುವಿನ ಕೈ ಹೋಗ್ತಿತ್ತು. ಇನ್ನು ನನ್ನ ಹತ್ರ ಮಗುವನ್ನು ಬಿಡ್ಲಿಕ್ಕಿಲ್ಲ ಅಂತ ನೀವೇ ಬರ್ದು ಕೊಡಿ. ಇವರಿಗೆ ಹೇಳ್ಲಿಕ್ಕೆ ಬಾಯಿ ಬರುದಿಲ್ಲ, ಪಾಪ."

ಲತೀಶ ಆಗ ಮಾಡಿದ ಕೆಲಸವನ್ನು ನೆನೆದರೆ ಅವನಿಗೆ ಮುಂದೆಯೂ ಮೈ ಮುದುಡುತ್ತದೆ. ಅವನು ಮಗಳ ಕಡೆ ತಿರುಗಿ, ತಮಾಷೆಯ ದನಿ ಮಾಡಿಕೊಂಡು, "ಯಶು, ಕತ್ತರಿ ಎಲ್ಲಿತ್ತು? ಹೇಳು, ಪಪ್ಪನಿಗೆ ಹೇಳಿದ್ದಲ್ವಾ?" ಎಂದ. ಮಗುವಿನ ಬಾಯಲ್ಲಿ ಬಂದರೆ ಅರ್ಧ ನಗುವಿನಲ್ಲಿ ಹೋಗುತ್ತದೆ, ಉಳಿದರ್ಧವನ್ನು ತಾನು ಹೌದು ಎಂದರೆ ಮುಗಿಯಿತು. ಯಶು ತೂಕದ ಯಂತ್ರದ ಮುಳ್ಳನ್ನೇ ನೋಡುತ್ತಿದ್ದಳು. ಅವನು ಮತ್ತೆ ಕೇಳಿದ. "ಬೇಡ" ಎಂದಳು. ಅವನು ಎದ್ದುಹೋಗಿ ಅವಳ ಭುಜ ಹಿಡಿದ, "ಮೇಲೆ ಅಂತ ಹೇಳಿದ್ದಲ್ಲ ಮಾರಾಯ್ತಿ." ಅವಳು ಭುಜ ಕೊಡವಿ ಅವನ ಕೈಯನ್ನು ತಳ್ಳಿದಳು, ಬೆಳಿಗ್ಗೆ ಮೆಟ್ಟಿಲಲ್ಲಿ ತಳ್ಳಿದ ಹಾಗೆಯೇ. ಸಿಸ್ಟರ್ ಅವನನ್ನು ನೋಡುತ್ತಿದ್ದಳು. ಅಮ್ಮ ನೋಡುತ್ತಿದ್ದಳು. ಮುಳ್ಳು ಹನ್ನೆರಡರ ಹತ್ತಿರ ನಡುಗುತ್ತಿತ್ತು.

"ಕತ್ತರಿ ತೆಗೆದದ್ದು ನಾನು" ಎಂದ ಲತೀಶ, ಯಂತ್ರದ ಕಡೆಗೇ ಮುಖ ಮಾಡಿ. ಆಮೇಲೆ ತಿರುಗಿದ. "ಮೊಳೆಯಿಂದ ತೆಗೆದದ್ದು ನಾನು ಅಮ್ಮ. ತಡ್ಪೆಯಲ್ಲಿ ಇಟ್ಟದ್ದೂ ನಾನೇ."

ಅಮ್ಮ ಅವನನ್ನು ಬೈಯಲಿಲ್ಲ. "ಎಂತಕ್ಕೆ ತೆಗೆದದ್ದು?" ಎಂದು ಕೇಳಿದಳು, ಅದೊಂದು ವಿವರ ತಿಳಿದರೆ ಸಾಕು ಎಂಬಂತೆ.

"ಹುಡಿಯ ಪ್ಯಾಕೆಟ್ ಕತ್ತರಿಸ್ಲಿಕ್ಕೆ."

"ಹಾಗಾದ್ರೆ ನಾನು ಹಾಕಿದ್ದೆ."

"ಹೌದು."

"ಬಾಯಿ ಮುಚ್ಚಿ ಹಾಕಿದ್ದೆ."

"ಹೌದು ಅಮ್ಮ."

ಅಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಬಂದಾಗಿನಿಂದ ಮೊದಲ ಸಲ. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಸಿಸ್ಟರಿಗೆ ಹೇಳಿದಳು, "ಬರ್ಕೊಳ್ಳಿ. ನಾನು ಮೊಳೆಗೆ ಹಾಕಿದ್ದೆ." ಸಿಸ್ಟರ್ ಏನು ಬರೆದಳೋ ಗೊತ್ತಿಲ್ಲ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ಬನ್ನಿ, ಹೆದರುವಂಥದ್ದು ಈಗ ಏನೂ ಕಾಣುವುದಿಲ್ಲ ಎಂದಳು. ಲತೀಶನ ಹತ್ತಿರ ಒಂದೇ ಮಾತು ಕೇಳಿದಳು, "ಮೂರು ತಿಂಗಳಾ?" ಅವನು ತಲೆಯಾಡಿಸಿದ. ಗುರುತುಪರಿಚಯವಿಲ್ಲದ ಊರಿನ ಒಬ್ಬ ಹೆಂಗಸು ತನ್ನನ್ನು ಇಷ್ಟು ಸರಿಯಾಗಿ ಅಳೆದುಬಿಟ್ಟಳು ಎನಿಸಿತು.

ರಸ್ತೆಗೆ ಬಂದ ಮೇಲೆ ಅಮ್ಮ ನಿಂತಳು. "ಈ ಮೂರು ತಿಂಗಳು ಬೆಳಿಗ್ಗೆ ಎದ್ದ ಕೂಡ್ಲೆ ನಾನು ಎಂತ ಮಾಡ್ತಿದ್ದೆ ಗೊತ್ತುಂಟಾ ನಿನಗೆ?" ಎಂದಳು ಅವನನ್ನು ನೋಡದೆ. "ಎಲ್ಲರ ಹೆಸರು ಹೇಳಿ ನೋಡ್ತಿದ್ದೆ. ಲತೀಶ, ನಿಶ್ಮಿತಾ, ಯಶು. ಬಾಯಲ್ಲಿ ಬೋಜ ಅಂತ ಬರ್ತದಾ ಅಂತ." ಬಗ್ಗಿ ಯಶುವಿನ ಎಡಗೈಯನ್ನು ಹಿಡಿದುಕೊಂಡಳು. ಗಾಯದ ಗೆರೆಯಿದ್ದ ಕೈ. ಎರಡು ಕಡೆ ನೋಡಿ ಮಗುವನ್ನು ರಸ್ತೆ ದಾಟಿಸಿದಳು. ಮಗು ಕೈ ಬಿಡಿಸಿಕೊಳ್ಳಲಿಲ್ಲ, "ನಾನೇ" ಎನ್ನಲಿಲ್ಲ. ಅದು ಯಾಕೆ ಎಂದು ಲತೀಶ ಹಿಂದಿನಿಂದ ನಡೆಯುತ್ತಾ ಯೋಚಿಸಿದ. ಅಜ್ಜಿಯ ಕೈ ಅವಳಿಗೆ ಸಹಾಯ ಎನಿಸುವುದಿಲ್ಲವೋ ಏನೋ.

ವಾಪಸ್ ಬರುವ ದಾರಿಯಲ್ಲಿ ಮಗ್ದಲಿನ್ ಬಾಯಿ, ಡಾಕ್ಟರು ಏನು ಹೇಳಿದರೆಂದು ಕೇಳಿದಾಗ ಅಮ್ಮ, "ನನಗೆ ಎಂತ ಇಲ್ಲ ಅಂ‌ತೆ, ಕೊಡಿ ಕತ್ತರಿ" ಎಂದಳು. ಮಗನ ಮಾತೆತ್ತಲಿಲ್ಲ. ತಡ್ಪೆಯನ್ನೂ ಎತ್ತಿಕೊಂಡಳು. ಮನೆಗೆ ಬಂದು ಸೀರೆ ಬದಲಾಯಿಸುವುದಕ್ಕೂ ಮೊದಲು ಕಿಟಕಿಯ ಹತ್ತಿರ ಹೋದಳು. "ನಾನೇ!" ಎಂದು ಯಶು ಹಾರಿದಳು. ಅಮ್ಮ ಅವಳನ್ನು ಎತ್ತಿ ಸೊಂಟದಲ್ಲಿ ಕೂರಿಸಿಕೊಂಡು, ಆ ಪುಟ್ಟ ಕೈಯನ್ನು ತನ್ನ ಕೈಯೊಳಗಿಟ್ಟು ಕತ್ತರಿಯ ಬಾಯಿ ಮುಚ್ಚಿಸಿ, ಮೊಳೆಗೆ ಹಾಕಿಸಿದಳು. ಕತ್ತರಿ ಎರಡು ಸಲ ತೂಗಿ ನಿಂತಿತು.

ಸಂಜೆ ಅಮ್ಮ ತನ್ನ ಜಗಲಿಯಲ್ಲೇ ಕೂತು ಬೀಡಿ ಕಟ್ಟುತ್ತಿದ್ದಳು, ಬಾಯಲ್ಲಿ ಎಣಿಕೆಯಿರಲಿಲ್ಲ. ನಿಶ್ಮಿತಾ ಬರುವ ಹೊತ್ತಾಗಿತ್ತು. ಮನೆಯೊಳಗೆ ಬೇಡ ಎಂದ ತಡ್ಪೆ ಜಗಲಿಯಲ್ಲಿ ಕಂಡರೆ ಅವಳು ಕೇಳಿಯೇ ಕೇಳುತ್ತಾಳೆ. ಲತೀಶ ಕಂಬಕ್ಕೆ ಒರಗಿ ನಿಂತು ಬಹಳ ಹೊತ್ತು ಬೆರಳ ಗ್ರೀಸು ಉಜ್ಜಿಕೊಂಡ. "ಅಮ್ಮ" ಎಂದ ಕೊನೆಗೆ, "ನಿಶ್ಮಿತಾಗೆ ನೀನು ಒಂದು ಮಾತು ಹೇಳ್ತೀಯಾ? ನೀನು ಹೇಳಿದ್ರೆ ಅವಳು..."

ಅಮ್ಮ ನೂಲನ್ನು ಹಲ್ಲಿನಲ್ಲಿ ಕಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗುವಿನಂಥದ್ದು ಬಂತು. "ಎರಡೂವರೆ ವರ್ಷದ್ದು ಚಪ್ಪಲಿ ತಾನೇ ಹಾಕ್ತದೆ" ಎಂದಳು. "ನಿನಗೆ ಮೂವತ್ತನಾಲ್ಕು."

ಕೆಳಗೆ ದಾರಿಯ ತಿರುವಿನಲ್ಲಿ ಜೀಪು ನಿಂತು ಹೊರಟ ಸದ್ದು ಕೇಳಿಸಿತು. ಲತೀಶ ಮೆಟ್ಟಿಲಿಳಿದ. "ಪಪ್ಪ, ನಾನೂ" ಎಂದು ಯಶು ಚಪ್ಪಲಿ ಹುಡುಕುತ್ತಾ ಓಡಿ ಬಂದಳು. "ನೀನು ಇಲ್ಲಿ ಬಾ ಪುಟ್ಟ" ಎಂದು ಅಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡಳು, "ಪಪ್ಪ ಒಬ್ಬನೇ ಹೋಗ್ಲಿ." ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಿಶ್ಮಿತಾ ಏರು ಹತ್ತಿ ಬರುತ್ತಿದ್ದದ್ದು ಕಂಡಿತು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಗುವಿಗೆ ತಂದ ಬಿಸ್ಕತ್ತು. ಅವನು ದಾರಿಗೇ ಎದುರು ಬಂದದ್ದು ನೋಡಿ ಗಾಬರಿಯಾಗಿ ನಿಂತಳು.

"ಎಂತ ಆಯ್ತು? ಮಾಮಿಗೆ ಎಂತ ಹೇಳಿದ್ರು?"

"ಕತ್ತರಿ ಮೊಳೆಯಲ್ಲೇ ಇತ್ತು" ಎಂದ ಲತೀಶ.